ಜಲಕನ್ಯೆಯ ನಾಲಗೆ

ಡೆನ್ಮಾರ್ಕ್ ಮತ್ತು ನಾರ್ವೆ ದೇಶಗಳ ಜನರು, ಸೊಂಟದಿಂದ ಮೇಲೆ ಸ್ತ್ರೀಯೂ ಕೆಳಗೆ ಮೀನೂ ಆಗಿ ಅಲೆಗಳ ನಡುವೆ ವಾಸಿಸುವಳೆಂದು ತಮ್ಮ ಪೂರ್ವಿಕರು ನಂಬಿದ್ದ ಜಲಕನ್ಯೆಯನ್ನು ‘ಹಾವ್‌ಫ್ರೂಅ’ ಎಂದು ಕರೆಯುತ್ತಾರೆ. ಅವರ ನುಡಿಯಲ್ಲಿ ‘ಹಾವ್’ ಎಂದರೆ ಕಡಲು, ‘ಫ್ರೂಅ’ ಎಂದರೆ ಮನೆಯೊಡತಿ. ಕಡಲಿನ ಒಡತಿಯೆಂಬ ಗೌರವದ ಹೆಸರುಳ್ಳ ಈಕೆಯ ಕಥೆಯನ್ನು ಡೆನ್ಮಾರ್ಕಿನ ಸುಪ್ರಸಿದ್ಧ ಕಥೆಗಾರನು ಬರೆಯಲು ಕುಳಿತಾಗ, ಅವಳ ನಾಲಗೆಯನ್ನು ಕತ್ತರಿಸಿದ ಹೊರತು ಕಥೆ ಮುಂದಕ್ಕೆ ಸಾಗಲಿಲ್ಲವೆಂಬುದು ಯೋಚಿಸತಕ್ಕ ಸಂಗತಿ. ಹನೂರು ತಾಲ್ಲೂಕಿನ ಶಾಗ್ಯದಂತಹ, ಕಡಲಿಗೆ ಬಹುದೂರವಾದ ಊರಿನ ಓದುಗರಿಗೆ ಈ ಪರದೇಶದ ಮತ್ಸ್ಯಸ್ತ್ರೀಯ ಗೊಡವೆ ಏಕೆ ಎಂದು ಯಾರಾದರೂ ಕೇಳಿದರೆ, ಉತ್ತರ ಇಷ್ಟೆ: ನೀರನ್ನೂ ಹೆಣ್ಣನ್ನೂ ಕೂಡಿಸಿ ಕಥೆ ಕಟ್ಟದ ಜನಾಂಗ ಭೂಮಿಯ ಮೇಲೆ ವಿರಳ, ಅಂತಹ ಕಥೆಗಳಲ್ಲಿ ಹೆಣ್ಣಿನ ಮಾತಿಗೆ ಏನು ಗತಿಯಾಯಿತೆಂದು ವಿಚಾರಿಸಿ ನೋಡಿದರೆ, ನೀರಿನ ವಿಷಯದಲ್ಲಿ ಇಂದು ನಮ್ಮ ಊರುಗಳಲ್ಲಿ ಯಾರ ಮಾತು ನಡೆಯುತ್ತದೆ, ಯಾರದು ನಡೆಯುವುದಿಲ್ಲ ಎಂಬುದೂ ತಾನಾಗಿ ವಿಚಾರಕ್ಕೆ ಬರುತ್ತದೆ.

ಆ ಉತ್ತರದೇಶದವರ ಜಲಸ್ತ್ರೀಯು ಮೊದಲಿನಿಂದಲೂ ಮೂಕಿಯಾಗಿರಲಿಲ್ಲ. ಸುಮಾರು 1250ರ ಕಾಲಕ್ಕೆ ಸೇರಿದ, ‘ಅರಸನ ಕನ್ನಡಿ’ ಎಂಬ ಅರ್ಥದ ಹೆಸರುಳ್ಳ ನಾರ್ವೆಯ ಗ್ರಂಥವೊಂದರಲ್ಲಿ, ಗ್ರೀನ್‌ಲ್ಯಾಂಡಿನ ಕಡಲಲ್ಲಿ ಬಿರುಗಾಳಿಗೆ ಮುಂಚೆ ಕಾಣಿಸಿಕೊಳ್ಳುವ, ದೊಡ್ಡ ಕೈಗಳ, ಬೆರಳುಗಳ ನಡುವೆ ಬಾತುಕೋಳಿಗಿರುವಂತಹ ಚರ್ಮವುಳ್ಳ ಭೀಮಾಕೃತಿಯ ಒಬ್ಬ ಹೆಣ್ಣಿನ ವರ್ಣನೆಯಿದೆ. ಅವಳು ನೀರಿನಿಂದ ಎತ್ತಿದ ಮೀನನ್ನು ಹಡಗಿನ ಕಡೆಗೆ ಎಸೆದರೆ ನಾವಿಕರಿಗೆ ಪ್ರಾಣಹಾನಿ ತಪ್ಪದೆಂದೂ, ತಾನೇ ತಿಂದರೆ ಅಥವಾ ಆಚೆ ಎಸೆದರೆ ಎಂತಹ ಬಿರುಗಾಳಿಯಲ್ಲೂ ಬದುಕಿಕೊಳ್ಳಬಹುದೆಂದೂ ಶಕುನ ಹೇಳುತ್ತಿದ್ದರು. ಅಲ್ಲಿಂದ ಐನೂರು ವರ್ಷಗಳ ತರುವಾಯವೂ, ಬರ್ಗೆನ್ ನಗರದ ಬಿಷಪ್ಪನಾಗಿದ್ದ ಎರಿಕ್ ಪೊಂಟೊಪ್ಪಿಡಾನನು ನಾರ್ವೆಯ ಪ್ರಕೃತಿಚರಿತ್ರೆಯನ್ನು ಬರೆಯುವಾಗ, ಪಕ್ಷಿಗಳಿಗೂ ಮೀನುಗಳಿಗೂ ಕೊಟ್ಟಂತೆಯೇ ಈ ಜಲಮಾನುಷರಿಗೂ ತನ್ನ ಗ್ರಂಥದಲ್ಲಿ ಸ್ಥಳ ಕೊಟ್ಟನು. ಅಂದರೆ, ಕಡಲನ್ನು ನಂಬಿ ಹೊಟ್ಟೆ ಹೊರೆಯುತ್ತಿದ್ದ ಜನರು ಅವಳ ಚಲನವಲನವನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದ್ದರು. ಅವಳ ಸನ್ನೆಗೂ ಒಂದು ಬೆಲೆಯಿತ್ತು.

1837ರಲ್ಲಿ ಪ್ರಕಟವಾದ ಹ್ಯಾನ್ಸ್ ಕ್ರಿಶ್ಚಿಯನ್ ಆಂಡರ್ಸನನ ಕಥೆ ಈ ಸಂಬಂಧವನ್ನೇ ತಲೆಕೆಳಗು ಮಾಡಿತು. ಕಡಲರಸನ ಕಿರಿಯ ಮಗಳು, ತನ್ನ ಹದಿನೈದನೆಯ ಹುಟ್ಟುಹಬ್ಬದ ದಿನ ನೀರಿನ ಮೇಲಕ್ಕೆ ಬಂದು, ಒಡೆದ ಹಡಗಿನಿಂದ ಒಬ್ಬ ರಾಜಕುಮಾರನನ್ನು ಉಳಿಸಿ, ಅವನನ್ನು ಪ್ರೀತಿಸುತ್ತಾಳೆ. ಜಲವಾಸಿಗಳಿಗೆ ಮುನ್ನೂರು ವರ್ಷಗಳ ಆಯುಸ್ಸುಂಟಾದರೂ ಅಮರವಾದ ಆತ್ಮವಿಲ್ಲವೆಂದು ತಿಳಿದು ಅದಕ್ಕಾಗಿಯೂ ಹಂಬಲಿಸುತ್ತಾಳೆ. ಮೀನಿನ ಬಾಲಕ್ಕೆ ಬದಲಾಗಿ ಮನುಷ್ಯರ ಕಾಲುಗಳನ್ನು ಕೊಡಲೊಪ್ಪಿದ ಕಡಲಿನ ಮಾಟಗಾತಿಯು ಅದಕ್ಕೆ ಕೇಳುವ ಬೆಲೆ, ಸಮುದ್ರದಲ್ಲೆಲ್ಲ ಅತಿ ಮಧುರವೆನಿಸಿದ ಅವಳ ಕಂಠ. ನಾಲಗೆ ಹೋದ ಮೇಲೆ, ಹೆಜ್ಜೆಹೆಜ್ಜೆಗೂ ಕತ್ತಿಯ ಅಲಗಿನ ಮೇಲೆ ನಡೆದಂತಹ ನೋವನ್ನು ಸಹಿಸಿಕೊಂಡು ಅರಮನೆಯಲ್ಲಿ ಕುಣಿಯುವ ಆ ಹುಡುಗಿ, ‘ನಿನ್ನನ್ನು ಉಳಿಸಿದವಳು ನಾನೇ’ ಎಂಬ ಒಂದು ವಾಕ್ಯವನ್ನು ಹೇಳಲಾರದೆ, ತಾನು ಒಲಿದವನ ಕೈ ಬೇರೊಬ್ಬಳ ಪಾಲಾಗುವುದನ್ನು ನೋಡುತ್ತ ನಿಲ್ಲಬೇಕಾಗುತ್ತದೆ. ಆಕೆಯ ದುರಂತಕ್ಕೆ ಕಾರಣ ಪ್ರೇಮವಲ್ಲ, ಮಾತಿಲ್ಲದ ಪ್ರೇಮ. ನಾಲಗೆಯೊಂದಿದ್ದಿದ್ದರೆ ಆ ಕಥೆ ಅರ್ಧದಲ್ಲಿಯೇ ಸುಖಾಂತವಾಗಿ ಮುಗಿಯುತ್ತಿತ್ತು.

ಆಂಡರ್ಸನನು ಇದನ್ನು ಸ್ತ್ರೀಯರ ಸ್ಥಿತಿಯ ಮೇಲಿನ ವ್ಯಾಖ್ಯಾನವಾಗಿ ಬರೆಯಲಿಲ್ಲ, ಆತ್ಮದ ಹಂಬಲವನ್ನು ಕುರಿತು ಬರೆದನು ಎಂದು ಪಂಡಿತರು ಆಕ್ಷೇಪಿಸಬಹುದು. ಅದು ನಿಜವೂ ಹೌದು. ಆದರೆ ಕಥೆಗಾರನ ಉದ್ದೇಶ ಒಂದಾದರೆ ಲೋಕವು ಅದರಿಂದ ಕಲಿಯುವುದು ಮತ್ತೊಂದು. ಮದ್ಯದ ಕಾರ್ಖಾನೆಯ ಒಡೆಯನಾಗಿದ್ದ ಕಾರ್ಲ್ ಯಾಕೋಬ್ಸನನು ಈ ಕಥೆಯ ಬ್ಯಾಲೆ ನೃತ್ಯವನ್ನು ನೋಡಿ ಮನಸೋತು, ಎಡ್ವರ್ಡ್ ಎರಿಕ್ಸನ್ ಎಂಬ ಶಿಲ್ಪಿಯಿಂದ ಮಾಡಿಸಿ 1913ರಲ್ಲಿ ಕೋಪನ್‌ಹೇಗನ್ ಬಂದರಿನ ಬಂಡೆಯ ಮೇಲೆ ಕೂರಿಸಿದ ಜಲಕನ್ಯೆಯ ಕಂಚಿನ ಪ್ರತಿಮೆಯು ಇಂದು ಆ ದೇಶದ ಲಾಂಛನದಂತಾಗಿದೆ. ಅದರ ತಲೆಯನ್ನು 1964ರಲ್ಲಿ ಯಾರೋ ಗರಗಸದಿಂದ ಕೊಯ್ದರು, 1984ರಲ್ಲಿ ಕೈಯನ್ನು ಕಡಿದರು, 1998ರಲ್ಲಿ ಮತ್ತೊಮ್ಮೆ ತಲೆಯನ್ನು ಕೊಂಡೊಯ್ದರು. ಪ್ರತಿಸಲವೂ ನಗರದವರು ಸರಿಪಡಿಸಿದರು. ಮೌನವಾಗಿ, ತಲೆ ಬಾಗಿಸಿ ಕುಳಿತ ಹೆಣ್ಣನ್ನು ಲೋಕವು ಎಷ್ಟು ಬೇಗ ಮೆಚ್ಚಿಕೊಳ್ಳುತ್ತದೆ ಎಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.

ಡೆನ್ಮಾರ್ಕಿನ ಜನರಾದ ಡೇನರ ಕಡಲಿಗೂ ನಮ್ಮ ಸೀಮೆಗೂ ಸಂಬಂಧವೇ ಇಲ್ಲವೆಂದು ತಿಳಿಯಬೇಕಾಗಿಲ್ಲ. ಕೊಳ್ಳೇಗಾಲದ ಮಗ್ಗುಲಲ್ಲಿ ಹರಿದು, ಶಿವನಸಮುದ್ರದಲ್ಲಿ ಗಗನಚುಕ್ಕಿ ಭರಚುಕ್ಕಿಗಳಾಗಿ ಧುಮುಕಿ, ಹೊಗೆನಕಲ್ಲನ್ನು ದಾಟಿ ತಮಿಳುನಾಡಿಗೆ ಇಳಿಯುವ ಕಾವೇರಿಯು ಪೂಂಪುಹಾರಿನ ಬಳಿ ಕಡಲನ್ನು ಸೇರುತ್ತಾಳೆ. ಅಲ್ಲಿಂದ ತೆಂಕಣಕ್ಕೆ ಕೆಲವೇ ಮೈಲಿಗಳ ದೂರದಲ್ಲಿರುವ ತರಂಗಂಬಾಡಿಯಲ್ಲಿ, ತಂಜಾವೂರಿನ ರಘುನಾಥ ನಾಯಕನಿಂದ ಅನುಮತಿ ಪಡೆದ ಡೇನರು 1620ರಲ್ಲಿ ಕೋಟೆ ಕಟ್ಟಿ, 1845ರಲ್ಲಿ ಇಂಗ್ಲಿಷರಿಗೆ ಮಾರಿ ಹೋಗುವವರೆಗೂ ವ್ಯಾಪಾರ ನಡೆಸಿದರು. 1956ರವರೆಗೆ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಕೊಳ್ಳೇಗಾಲವೂ ಆ ತರಂಗಂಬಾಡಿಯೂ ದೀರ್ಘಕಾಲ ಒಂದೇ ಮದರಾಸು ಸರ್ಕಾರದ ಆಳ್ವಿಕೆಯಲ್ಲಿದ್ದುವು. ಹಾವ್‌ಫ್ರೂಅಳ ಕಥೆಗಳನ್ನು ಕೇಳಿ ಬೆಳೆದ ನಾವಿಕರು ನಮ್ಮ ನದಿಯ ಮುಖಜ ಭೂಮಿಯಲ್ಲಿ ಎರಡು ಶತಮಾನಗಳಿಗೂ ಮಿಕ್ಕಿ ಬಾಳಿದರು. ಆ ನದಿಯ ಉದ್ದಕ್ಕೂ ನಮ್ಮವರು ಕಟ್ಟಿಕೊಂಡಿದ್ದ ಕಥೆಗಳಾದರೋ ಬೇರೆಯ ಜಾತಿಯವು.

ಮೊದಲು ಕಾವೇರಿಯನ್ನೇ ನೋಡೋಣ. ಡೇನರ ಕನ್ಯೆ ನೀರಿನಿಂದ ಹೊರಬಂದು ಮಾನುಷಿಯಾಗಬಯಸಿದರೆ, ನಮ್ಮ ಕಾವೇರಿಯು ಹೆಣ್ಣಾಗಿದ್ದು ನೀರಾದವಳು. ಅಗಸ್ತ್ಯನನ್ನು ವರಿಸುವ ಮುನ್ನ, ತನ್ನನ್ನು ಎಂದಿಗೂ ಒಂಟಿಯಾಗಿ ಬಿಟ್ಟು ಹೋಗಕೂಡದೆಂದು ಆಕೆ ಷರತ್ತು ವಿಧಿಸಿದಳೆಂದೂ, ಋಷಿಯು ಮಾತಿಗೆ ತಪ್ಪಿ ಸ್ನಾನಕ್ಕೆ ಹೋದೊಡನೆ ಕಮಂಡಲುವಿನಿಂದ ಹೊರಟು ಹರಿದುಬಿಟ್ಟಳೆಂದೂ ಐತಿಹ್ಯ. ತಡೆಯಲು ಬಂದ ಕೊಡಗಿನವರನ್ನು ಲೆಕ್ಕಿಸದೆ ಬಲಮುರಿಯಲ್ಲಿ ಆಕೆ ನುಗ್ಗಿದ ರಭಸಕ್ಕೆ ಅಲ್ಲಿಯ ಸ್ತ್ರೀಯರ ಸೀರೆಯ ನೆರಿಗೆ ಹಿಂದಕ್ಕೆ ಸರಿಯಿತೆಂದೂ, ಕೊಡವ ಸ್ತ್ರೀಯರು ಇಂದಿಗೂ ನೆರಿಗೆಯನ್ನು ಹಿಂದಕ್ಕೆ ಇಟ್ಟು ಉಡುವುದು ಆದಕಾರಣವೆಂದೂ ಹೇಳುತ್ತಾರೆ. ಮಾತು ಕೊಟ್ಟವನು ತಪ್ಪಿದರೆ ಮಾತು ಪಡೆದವಳು ಹೊರಟುಹೋಗುತ್ತಾಳೆ: ಇದು ದಕ್ಷಿಣದ ಮಹಾನದಿಯ ಹುಟ್ಟಿನ ಕಥೆ.

ಮೀನಿನ ದೇಹವೇ ಬೇಕೆಂಬವರಿಗೆ ಮಹಾಭಾರತದ ಆದಿಪರ್ವವಿದೆ. ಶಾಪದಿಂದ ಮೀನಾಗಿ ಯಮುನೆಯಲ್ಲಿ ವಾಸಿಸುತ್ತಿದ್ದ ಅದ್ರಿಕೆಯೆಂಬ ಅಪ್ಸರೆಯ ಬಸಿರಿನಿಂದ, ಬಲೆಗೆ ಸಿಕ್ಕಿದ ಆ ಮೀನನ್ನು ಬೆಸ್ತರು ಸೀಳಿದಾಗ, ಅವಳಿ ಮಕ್ಕಳು ಹೊರಬಂದರು. ಗಂಡುಮಗುವನ್ನು ಅರಸನು ತೆಗೆದುಕೊಂಡು ಹೆಣ್ಣುಮಗುವನ್ನು ಬೆಸ್ತರಿಗೇ ಬಿಟ್ಟನು. ಮೈಯ ಮೀನುನಾತದಿಂದ ಮತ್ಸ್ಯಗಂಧಿಯೆನಿಸಿ ದೋಣಿ ನಡೆಸುತ್ತಿದ್ದ ಆ ಹುಡುಗಿ ಪರಾಶರನಿಂದ ಸುಗಂಧವನ್ನು ಕೇಳಿ ಪಡೆದು ಯೋಜನಗಂಧಿಯಾದಳು, ವ್ಯಾಸನ ತಾಯಿಯಾದಳು, ಶಂತನುವಿನ ರಾಣಿ ಸತ್ಯವತಿಯಾದಳು. ಅವಳ ಮದುವೆಗೆ ಮುಂಚೆ ಅವಳ ಸಾಕುತಂದೆಯಿಟ್ಟ ಷರತ್ತಿಗಾಗಿ ದೇವವ್ರತನು ಭೀಷ್ಮನಾಗಬೇಕಾಯಿತು. ವಂಶವೇ ನಿಲ್ಲುವ ಕಾಲ ಬಂದಾಗ ಮಗನಾದ ವ್ಯಾಸನನ್ನು ಕರೆಸಿ ಹೀಗೆ ಮಾಡೆಂದು ಆಜ್ಞಾಪಿಸಿದವಳೂ ಆಕೆಯೆ. ಆಂಡರ್ಸನನ ಮತ್ಸ್ಯಪುತ್ರಿ ಮಾತನ್ನು ಕೊಟ್ಟು ಮನುಷ್ಯರೊಳಗೆ ಬಂದಳು. ವ್ಯಾಸನ ಮತ್ಸ್ಯಪುತ್ರಿ ಮಾತಿನ ಬಲದಿಂದಲೇ ಕುರುವಂಶವನ್ನು ನಡೆಸಿದಳು.

ಇನ್ನು ಕೊಳ್ಳೇಗಾಲದ ನೆರೆಯಲ್ಲೇ ಇರುವ ತಲಕಾಡು ಮಾಲಂಗಿಗಳ ಕಥೆ ಓದುಗರಿಗೆ ಗೊತ್ತಿರುವುದೇ. 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡ ಮೇಲೆ, ವಿಜಯನಗರದ ಪ್ರತಿನಿಧಿಯಾಗಿದ್ದ ತಿರುಮಲರಾಯನ ಪತ್ನಿ ಅಲಮೇಲಮ್ಮನು ಒಡವೆಗಳೊಡನೆ ಮಾಲಂಗಿಯ ಮಡುವಿಗೆ ಹಾರುವಾಗ ತಲಕಾಡು ಮರಳಾಗಲೆಂದು ಶಪಿಸಿದಳೆಂದು ಜನರು ಹೇಳುತ್ತಾರೆ. ತಲಕಾಡಿನ ಮರಳರಾಶಿಗೆ ನದಿಯ ತಿರುವು, ಗಾಳಿ, ಹದಿನಾಲ್ಕನೆಯ ಶತಮಾನದ ಮಾಧವಮಂತ್ರಿ ಅಣೆಕಟ್ಟು ಮುಂತಾದ ಕಾರಣಗಳನ್ನು ವಿದ್ವಾಂಸರು ತೋರಿಸಿದ್ದಾರೆ. ಆ ಕಾರಣಗಳು ಒಪ್ಪತಕ್ಕವೂ ಆಗಿವೆ. ಆದರೂ ನಾನೂರು ವರ್ಷಗಳಿಂದ ಜನರ ಬಾಯಲ್ಲಿ ನಿಂತಿರುವುದು ಮಡುವಿಗೆ ಬಿದ್ದ ಹೆಣ್ಣಿನ ನುಡಿ. ಆ ನುಡಿಗೆ ಅಂಜಿ, ಯಾರನ್ನು ಸೋಲಿಸಿ ರಾಜ್ಯ ಪಡೆದರೋ ಅವರ ಮನೆಯ ಹೆಣ್ಣಿನ ವಿಗ್ರಹವನ್ನೇ ಅರಮನೆಯಲ್ಲಿರಿಸಿ ಮೈಸೂರಿನ ಅರಸರು ಪೂಜಿಸುತ್ತ ಬಂದರು.

ನಮ್ಮದೇ ಬೆಟ್ಟದ ಸಂಕಮ್ಮನು ನೀರಿನ ಹೆಣ್ಣಲ್ಲವಾದರೂ ಅವಳನ್ನು ಇಲ್ಲಿ ಸ್ಮರಿಸದೆ ಮುಂದೆ ಹೋಗುವಂತಿಲ್ಲ. ದೇವರಗುಡ್ಡರು ಕಂಸಾಳೆಯ ತಾಳಕ್ಕೆ ಹಾಡುತ್ತ ಬಂದ, ಪಿ. ಕೆ. ರಾಜಶೇಖರ ಮೊದಲಾದವರು ಸಂಗ್ರಹಿಸಿಕೊಟ್ಟ ಮಲೆಯ ಮಾದೇಶ್ವರನ ಕಾವ್ಯದಲ್ಲಿ, ಜೇನು ತರಲು ಕಾಡಿಗೆ ಹೊರಟ ನೀಲಯ್ಯನು ಹೆಂಡತಿಯಾದ ಸಂಕಮ್ಮನನ್ನು ನಿಲ್ಲಿಸಿ, ತಾನಿಲ್ಲದಾಗ ಪತಿವ್ರತೆಯಾಗಿರುವೆನೆಂದು ಬಲಗೈ ಭಾಷೆ ಕೊಡೆಂದು ಪೀಡಿಸುತ್ತಾನೆ. ತಪ್ಪು ಮಾಡದವಳು ಭಾಷೆ ಏಕೆ ಕೊಡಬೇಕೆಂಬ ನಿಲುವಿನಿಂದ ಆಕೆ ಎಳ್ಳಷ್ಟೂ ಕದಲುವುದಿಲ್ಲ. ಎಷ್ಟು ಹಿಂಸೆಪಟ್ಟರೂ ಕೊಡಬಾರದ ಮಾತನ್ನು ಕೊಡುವುದಿಲ್ಲ. ಕಡೆಗೆ ಮಾದಪ್ಪನೇ ಬಂದು ಅವಳ ಕಡೆ ನಿಲ್ಲುತ್ತಾನೆ. ಮಾತಾಡುವುದು ಹೇಗೋ ಹಾಗೆಯೇ ಮಾತು ಕೊಡೆನೆನ್ನುವುದೂ ಹೆಣ್ಣಿನ ಹಕ್ಕು ಎಂಬುದನ್ನು ಹನೂರಿನ ಆಚೆಯ ಕಾಡಿನ ಜನರು ಹಾಡಿ ಉಳಿಸಿಕೊಂಡಿದ್ದಾರೆ.

ಇಷ್ಟನ್ನು ಹೇಳಿ, ನಮ್ಮ ಪರಂಪರೆಯೇ ಮೇಲು, ಅವರದು ಕೀಳು ಎಂದು ತೀರ್ಮಾನಿಸಿ ಸುಮ್ಮನಾಗುವುದು ಸುಲಭವಾದ ಆತ್ಮವಂಚನೆ. ‘ಕೆರೆಗೆ ಹಾರ’ದ ಭಾಗೀರಥಿಯೂ ನಮ್ಮವಳೇ. ಕಟ್ಟಿಸಿದ ಕೆರೆಗೆ ನೀರು ಬರಲಿಲ್ಲವೆಂದು ಕಿರಿಯ ಸೊಸೆಯನ್ನು ಬಲಿ ಕೊಡಲು ಮಾವನು ನಿಶ್ಚಯಿಸುವಾಗ ಅವಳನ್ನು ಯಾರೂ ಕೇಳಲಿಲ್ಲ. ಸಂಗತಿ ತಿಳಿದ ಮೇಲೆ ತವರಿಗೆ ಹೋಗಿ ಬಂದರೂ, ಗೆಳತಿಯ ಬಳಿ ದುಃಖ ಹೇಳಿಕೊಂಡರೂ, ತೀರ್ಮಾನ ಮಾಡಿದವರ ಎದುರಿಗೆ ಅವಳಿಂದ ಒಂದು ಎದುರುನುಡಿ ಹೊರಡಲಿಲ್ಲ. ನಾಲಗೆಯನ್ನು ಯಾರೂ ಕತ್ತರಿಸದೆಯೇ ಹೆಣ್ಣು ಮೂಕಿಯಾಗಬಹುದೆಂಬುದನ್ನು ಡೇನರ ಕಥೆಗಿಂತ ಈ ಕನ್ನಡ ಲಾವಣಿಯು ತೀಕ್ಷ್ಣವಾಗಿ ಕಾಣಿಸಿದೆ. ನಾಲ್ಕಾರು ಕಥೆಗಳಲ್ಲಿ ನುಡಿದ ಹೆಣ್ಣನ್ನು ಪೂಜಿಸುತ್ತ, ನಿತ್ಯದ ಬಾಳಿನಲ್ಲಿ ಭಾಗೀರಥಿಯನ್ನೇ ಆದರ್ಶವೆಂದು ಸೊಸೆಯಂದಿರ ಮುಂದಿಡುವುದು ನಮ್ಮ ಅಭ್ಯಾಸವಾಗಿದೆ.

ಮಹದೇಶ್ವರ ಬೆಟ್ಟದಲ್ಲಿ ದೀಪಾವಳಿಯ ಜಾತ್ರೆಗೆ ಹೋದವರು ಹಾಲರುವೆಯ ಉತ್ಸವವನ್ನು ನೋಡಿರುತ್ತಾರೆ. ಬೇಡಗಂಪಣ ಮನೆತನಗಳ 101 ಮಂದಿ ಹೆಣ್ಣುಮಕ್ಕಳು, ಉಪವಾಸವಿದ್ದು, ಕಾಡಿನೊಳಗಿನ ಹಾಲರೆ ಹಳ್ಳದಲ್ಲಿ ಮಿಂದು, ಹೂವಿನಿಂದ ಅಲಂಕರಿಸಿದ ಕೊಡಗಳಲ್ಲಿ ನೀರು ತುಂಬಿ, ತಲೆಯ ಮೇಲೆ ಹೊತ್ತು, ವಾದ್ಯ ಸತ್ತಿಗೆಗಳೊಡನೆ ಸಾಲಾಗಿ ನಡೆದು ಬರುತ್ತಾರೆ. ಆ ನೀರಿನಿಂದ ಮಾದಪ್ಪನಿಗೆ ಅಭಿಷೇಕವಾಗುತ್ತದೆ. ದಾರಿಯ ಇಕ್ಕೆಲದಲ್ಲಿ ನಿಂತ ವೃದ್ಧರೂ ಕೈಮುಗಿಯುತ್ತಾರೆ. ಅಲಂಕಾರವಿಲ್ಲದ ಕೊಡಗಳ ಸಾಲನ್ನು ನೋಡಬೇಕಾದರೆ ಜಾತ್ರೆಗೆ ಕಾಯಬೇಕಾಗಿಲ್ಲ; ಬೇಸಗೆಯಲ್ಲಿ ಈ ಸೀಮೆಯ ಯಾವ ಊರಿನ ತೊಂಬೆಯ ಬಳಿಗೆ ಹೋದರೂ ಸಾಕು. ಕಾವೇರಿ ಹರಿಯುವುದು ತಗ್ಗಿನಲ್ಲಿ. ಶಾಗ್ಯದಂತಹ ಮಲೆಯಂಚಿನ ಊರುಗಳು ಬದುಕಿರುವುದು ಮಳೆಯನ್ನೂ ಕೆರೆಯನ್ನೂ ಕೊಳವೆಬಾವಿಯನ್ನೂ ನೆಚ್ಚಿ. ಕರೆಂಟು ಬಂದಾಗ ಮೋಟಾರು, ಮೋಟಾರು ಓಡಿದಾಗ ತೊಂಬೆ, ತೊಂಬೆ ತುಂಬಿದಾಗ ನಲ್ಲಿ. ಈ ಸರಪಳಿಯ ಕೊನೆಯ ಕೊಂಡಿಯಾಗಿ, ರೇಷ್ಮೆಹುಳುವಿಗೆ ಸೊಪ್ಪು ಹಾಕುವ ಹೊತ್ತನ್ನೂ ಮಕ್ಕಳ ಶಾಲೆಯ ಹೊತ್ತನ್ನೂ ನೀರುಗಂಟಿಯ ಹೊತ್ತಿಗೆ ಹೊಂದಿಸಿಕೊಂಡು, ಬಣ್ಣಬಣ್ಣದ ಪ್ಲಾಸ್ಟಿಕ್ ಕೊಡಗಳನ್ನು ಸರದಿಯಲ್ಲಿಟ್ಟು ಕಾಯುತ್ತ ನಿಂತಿರುವವಳು ಹೆಣ್ಣುಮಗಳು. ಯಾವ ಕೊಳವೆಬಾವಿ ಯಾವ ತಿಂಗಳಲ್ಲಿ ಬತ್ತುತ್ತದೆ, ಯಾವುದರ ನೀರಿನಲ್ಲಿ ಬೇಳೆ ಬೇಯುವುದಿಲ್ಲ, ಪೈಪು ಎಲ್ಲಿ ಒಡೆದು ಎಷ್ಟು ದಿನವಾಯಿತು ಎಂಬುದೆಲ್ಲ ಅವಳಿಗೆ ಗೊತ್ತು. ಆ ತಿಳಿವಳಿಕೆಯನ್ನು ಕೇಳುವವರು ಮಾತ್ರ ಇಲ್ಲ.

ಕೇಳಬೇಕೆಂದು ಕಾನೂನು ಹೇಳದೆ ಇಲ್ಲ. ರಾಷ್ಟ್ರದಾದ್ಯಂತ ಅಂತಹ ಮೀಸಲಾತಿ ಜಾರಿಗೆ ಬರುವ ಮೊದಲೇ ಕರ್ನಾಟಕವು 1983ರ ಕಾಯಿದೆಯ ಮೂಲಕ ಸ್ಥಳೀಯ ಸಂಸ್ಥೆಗಳಲ್ಲಿ ಶೇಕಡ 25ರಷ್ಟು ಸ್ಥಾನಗಳನ್ನು ಸ್ತ್ರೀಯರಿಗೆ ಮೀಸಲಿಟ್ಟಿತು. 2010ರಿಂದ ಈಚೆಗೆ ಅದು ಅರ್ಧಕ್ಕೆ ಏರಿದೆ. 2019ರ ಆಗಸ್ಟ್ 15ರಂದು ಘೋಷಿತವಾದ ಜಲಜೀವನ್ ಮಿಷನ್, ನಮ್ಮ ರಾಜ್ಯದಲ್ಲಿ ‘ಮನೆಮನೆಗೆ ಗಂಗೆ’ ಎಂಬ ಹೆಸರು ಪಡೆದ ಆ ಯೋಜನೆ, ಪ್ರತಿಯೊಬ್ಬ ಗ್ರಾಮಸ್ಥನಿಗೂ ದಿನಕ್ಕೆ 55 ಲೀಟರ್ ನೀರನ್ನು ನಲ್ಲಿಯ ಮೂಲಕ ಕೊಡುವ ಸಂಕಲ್ಪ ಮಾಡಿದೆ. 2024ಕ್ಕೆ ಮುಗಿಯಬೇಕಾಗಿದ್ದ ಅದರ ಅವಧಿಯನ್ನು ಈಗ 2028ರವರೆಗೆ ವಿಸ್ತರಿಸಲಾಗಿದೆ. ಊರಿನ ನೀರು ಮತ್ತು ನೈರ್ಮಲ್ಯ ಸಮಿತಿಯ ಸದಸ್ಯರಲ್ಲಿ ಅರ್ಧದಷ್ಟಾದರೂ ಸ್ತ್ರೀಯರಿರಬೇಕೆಂದೂ, ಪ್ರತಿ ಊರಿನ ಐವರು ಸ್ತ್ರೀಯರಿಗೆ ನೀರಿನ ಗುಣವನ್ನು ಪರೀಕ್ಷಿಸಲು ತರಬೇತಿ ಕೊಡಬೇಕೆಂದೂ ಅದರ ಮಾರ್ಗಸೂಚಿ ವಿಧಿಸುತ್ತದೆ. ಕಾಗದದ ಮೇಲೆ ಇದಕ್ಕಿಂತ ಹೆಚ್ಚಿನದನ್ನು ಅಪೇಕ್ಷಿಸುವುದು ಕಷ್ಟ.

ಆದರೆ ಸಮಿತಿಯ ಪುಸ್ತಕದಲ್ಲಿ ಹೆಸರಿರುವುದು ಬೇರೆ, ಸಭೆಯಲ್ಲಿ ಬಾಯಿರುವುದು ಬೇರೆ. ಸದಸ್ಯೆಯ ಸಹಿಯನ್ನು ಮನೆಗೇ ಬಂದು ಪಡೆಯುತ್ತಾರೆ. ಸಭೆಗೆ ಆಕೆಯ ಪತಿಯೋ ಮಗನೋ ಮೈದುನನೋ ಹೋಗಿ ಬರುತ್ತಾರೆ. ಆಕೆಯೇ ಹೋದರೂ ಹಿಂದಿನ ಸಾಲಿನ ಜಮಖಾನೆಯ ಮೇಲೆ ಕುಳಿತು ಕಾಫಿ ಕುಡಿದು ಬರುವುದರಲ್ಲಿ ಆಕೆಯ ಅಧಿಕಾರ ಮುಗಿಯುತ್ತದೆ. ಹೆಂಗಸರಿಗೆ ಅನುಭವವಿಲ್ಲ, ಪೈಪು ಪಂಪುಗಳ ವಿಷಯ ಅವರಿಗೆ ತಿಳಿಯದು, ಅವರೇ ಮಾತಾಡಲು ಹಿಂಜರಿಯುತ್ತಾರೆ, ನಾವೇನು ಮಾಡೋಣ ಎಂದು ಪುರುಷರು ಸಮಾಧಾನ ಹೇಳುವುದುಂಟು. ಹಿಂಜರಿಕೆ ನಿಜವೇ ಇರಬಹುದು. ಆದರೆ ಹತ್ತು ಜನ ಕೂಡಿದಲ್ಲಿ ಮಾತಾಡಿದ ಹೆಣ್ಣನ್ನು ಬಜಾರಿಯೆಂದು ಕರೆದು, ಮಾತಾಡದವಳನ್ನು ಗುಣವಂತೆಯೆಂದು ಹೊಗಳುತ್ತ ಬಂದ ಊರಿನಲ್ಲಿ ಹಿಂಜರಿಕೆಯಲ್ಲದೆ ಬೇರೇನು ಬೆಳೆದೀತು? ಕಡಲಿನ ಮಾಟಗಾತಿಯಾದರೋ ನಾಲಗೆಗೆ ಬದಲಾಗಿ ಕಾಲುಗಳನ್ನಾದರೂ ಕೊಟ್ಟಳು.

ನೀರಿನ ವಿಷಯದಲ್ಲಿ ಕೇಳಬೇಕಾದ ಮಾತನ್ನು ಕೇಳದಿದ್ದರೆ ಏನಾಗುತ್ತದೆಂಬುದನ್ನು ನಮ್ಮ ತಾಲ್ಲೂಕೇ ಕಂಡಿದೆ. ರಸ್ತೆ, ನೀರು, ವಿದ್ಯುತ್ತು ಮೊದಲಾದ ಮೂಲಸೌಕರ್ಯಗಳಿಲ್ಲವೆಂದು ಮಹದೇಶ್ವರ ಬೆಟ್ಟದ ಮಡಿಲಿನ ಇಂಡಿಗನತ್ತದ ಜನರು 2024ರ ಲೋಕಸಭೆಯ ಚುನಾವಣೆಯನ್ನು ಬಹಿಷ್ಕರಿಸಿದರು. ಏಪ್ರಿಲ್ 26ರ ಮತದಾನದ ದಿನ ಜಗಳವೆದ್ದು ಮತಗಟ್ಟೆ ಧ್ವಂಸವಾಯಿತು. 29ರಂದು ಮರುಮತದಾನ ನಡೆಯಿತು. ಮತಯಂತ್ರವನ್ನು ಒಡೆಯುವುದು ಯಾವ ನ್ಯಾಯದಿಂದಲೂ ಸಮರ್ಥನೀಯವಲ್ಲ. ಆದರೂ, ಸಾವಧಾನದ ನುಡಿಯನ್ನು ವರ್ಷಗಟ್ಟಲೆ ಕಡೆಗಣಿಸಿದರೆ ಕಡೆಗೊಂದು ದಿನ ಕೂಗನ್ನು ಕೇಳಬೇಕಾಗುತ್ತದೆಂಬುದನ್ನು ಅಧಿಕಾರಿಗಳೂ ಜನಪ್ರತಿನಿಧಿಗಳೂ ಆ ಘಟನೆಯಿಂದ ಗ್ರಹಿಸಿದ್ದಾರೆಂದು ಆಶಿಸೋಣ.

ನಮ್ಮ ಮಕ್ಕಳು ಡೇನರ ಜಲಕನ್ಯೆಯ ಕಥೆಯನ್ನು ಅವಶ್ಯವಾಗಿ ಓದಲಿ, ಅದರ ಚಲನಚಿತ್ರವನ್ನೂ ನೋಡಲಿ. ಅದು ಉತ್ತಮವಾದ ಕಥೆ. ಅದರ ಜೊತೆಯಲ್ಲಿ ಶಿಕ್ಷಕರು ಸತ್ಯವತಿಯ ಕಥೆಯನ್ನೂ ಅಲಮೇಲಮ್ಮನ ಕಥೆಯನ್ನೂ ಸಂಕಮ್ಮನ ಕಥೆಯನ್ನೂ ಹೇಳಿ, ಇವರಲ್ಲಿ ಯಾರು ಮಾತಾಡಿದರು, ಯಾರು ಮಾತಾಡಲಿಲ್ಲ, ಏಕೆ ಎಂದು ತರಗತಿಯಲ್ಲಿ ಕೇಳಲಿ. ಗಂಡುಮಕ್ಕಳಿಂದಲೂ ಉತ್ತರ ಪಡೆಯಲಿ. ದೊಡ್ಡವರು ಮಾಡಬೇಕಾದ ಕೆಲಸಕ್ಕೆ ಹಣವೂ ಬೇಡ, ಹೊಸ ಕಾಯಿದೆಯೂ ಬೇಡ. ಶಾಗ್ಯ ಮೊದಲುಗೊಂಡು ಹನೂರು, ಕೊಳ್ಳೇಗಾಲ, ಯಳಂದೂರು ತಾಲ್ಲೂಕುಗಳ ಪ್ರತಿಯೊಂದು ಊರಿನಲ್ಲಿಯೂ ಮುಂದಿನ ಗ್ರಾಮಸಭೆಯನ್ನು ನೀರು ಬಿಡುವ ಹೊತ್ತನ್ನು ತಪ್ಪಿಸಿ ಕರೆಯಿರಿ. ನೀರಿನ ವಿಷಯವನ್ನು ಮೊದಲು ಎತ್ತಿಕೊಳ್ಳಿರಿ. ಸಮಿತಿಯ ಸದಸ್ಯೆಯರನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಅವರು ಹೇಳಿ ಮುಗಿಸುವ ತನಕ ಪುರುಷರಾರೂ ಬಾಯಿ ಹಾಕದಂತೆ ಅಧ್ಯಕ್ಷರು ನೋಡಿಕೊಳ್ಳಲಿ. ಅವರು ಹೇಳಿದ್ದನ್ನು ನಡವಳಿಯ ಪುಸ್ತಕದಲ್ಲಿ ಅವರ ಹೆಸರಿನಿಂದಲೇ ಬರೆದುಕೊಂಡು, ಏನು ಕ್ರಮ ಕೈಗೊಂಡಿತೆಂಬುದನ್ನು ಪಂಚಾಯಿತಿಯು ಅದರ ಮುಂದಿನ ಸಭೆಯಲ್ಲಿ ಓದಿ ಹೇಳಲಿ.